ಓದಿದ್ದು ತಲೆಯಲ್ಲಿ ಉಳಿಯುವುದು ಹೇಗೆ?

ಪರೀಕ್ಷೆ ಮುಗಿಸಿ ಬಂದ ಮಕ್ಕಳ ಬಾಯಲ್ಲಿ ಕೇಳುವ ಮಾತು ಬಹುತೇಕ ಒಂದೇ: "ನಾಲ್ಕು ಸಲ ಓದಿದ್ದೆ, ಪೇಪರ್ ಮುಂದೆ ಕೂತಾಗ ಒಂದೂ ಬರಲಿಲ್ಲ." ಕೇಳಿದ ದೊಡ್ಡವರು ಮಗುವಿಗೆ ನೆನಪಿನ ಶಕ್ತಿ ಸಾಲದು ಎಂದು ತೀರ್ಮಾನಿಸುತ್ತಾರೆ. ಅಜ್ಜಿ ಒಂದೆಲಗದ ತಂಬುಳಿ ಮಾಡುತ್ತಾರೆ, ಅಮ್ಮ ರಾತ್ರಿ ಬಾದಾಮಿ ನೆನೆಹಾಕುತ್ತಾರೆ, ಅಪ್ಪ ಔಷಧಿ ಅಂಗಡಿಯಿಂದ ಟಾನಿಕ್ ತರುತ್ತಾರೆ. ತಂಬುಳಿ ಊಟಕ್ಕೆ ರುಚಿ, ಬಾದಾಮಿ ಮೈಗೆ ಒಳ್ಳೆಯದು. ಆದರೆ ಆ ಮಗುವಿನ ತೊಂದರೆ ಬಹಳಷ್ಟು ಸಲ ಇರುವುದು ಶಕ್ತಿಯಲ್ಲಲ್ಲ, ಓದಿದ ರೀತಿಯಲ್ಲಿ.

ನೆನಪಿನ ಮೇಲೆ ವಿಜ್ಞಾನಿಗಳು ಸುಮಾರು 140 ವರ್ಷಗಳಿಂದ ಪ್ರಯೋಗ ನಡೆಸುತ್ತ ಬಂದಿದ್ದಾರೆ. ಅವುಗಳಿಂದ ವಿದ್ಯಾರ್ಥಿಗೆ ಸಿಗುವ ಪಾಠವನ್ನು ಒಂದೇ ಮಾತಿನಲ್ಲಿ ಹೇಳಬಹುದು: ತಲೆಗೆ ಮತ್ತೆ ಮತ್ತೆ ತುಂಬುವುದಕ್ಕಿಂತ, ತುಂಬಿದ್ದನ್ನು ಮತ್ತೆ ಮತ್ತೆ ಹೊರಗೆ ತೆಗೆಯುವುದರಿಂದ ನೆನಪು ಗಟ್ಟಿಯಾಗುತ್ತದೆ. ಇದು ಹೇಗೆಂದು ತಿಳಿಯಬೇಕಾದರೆ ನೆನಪು ಕೆಲಸ ಮಾಡುವ ಬಗೆಯನ್ನು ಮೊದಲು ನೋಡಬೇಕು.

ನೆನಪುಗಳಲ್ಲಿ ಹಲವು ಬಗೆ

1953ರಲ್ಲಿ ಅಮೆರಿಕದ ಕನೆಕ್ಟಿಕಟ್ ರಾಜ್ಯದ ಹಾರ್ಟ್‌ಫರ್ಡ್ ನಗರದಲ್ಲಿ ಹೆನ್ರಿ ಮೊಲೈಸನ್ ಎಂಬ 27 ವರ್ಷದ ಯುವಕನಿಗೆ ಮಿದುಳಿನ ಶಸ್ತ್ರಚಿಕಿತ್ಸೆ ನಡೆಯಿತು. ಚಿಕ್ಕಂದಿನಿಂದ ಕಾಡುತ್ತಿದ್ದ ಅಪಸ್ಮಾರ ಯಾವ ಮಾತ್ರೆಗೂ ಬಗ್ಗುತ್ತಿರಲಿಲ್ಲ. ಶಸ್ತ್ರಚಿಕಿತ್ಸಕ ವಿಲಿಯಂ ಸ್ಕೋವಿಲ್ ಮಿದುಳಿನ ಎರಡೂ ಬದಿಯಲ್ಲಿ, ಕಿವಿಯ ನೇರಕ್ಕೆ ಒಳಗಿರುವ ಹಿಪ್ಪೊಕ್ಯಾಂಪಸ್ ಎಂಬ ಭಾಗವನ್ನೂ ಅದರ ಸುತ್ತಲಿನ ಅಂಗಾಂಶವನ್ನೂ ಬಹುಮಟ್ಟಿಗೆ ತೆಗೆದುಹಾಕಿದರು. ಫಿಟ್ಸ್ ಕಡಿಮೆಯಾಯಿತು. ಬುದ್ಧಿವಂತಿಕೆ ಕುಗ್ಗಲಿಲ್ಲ, ಮಾತು ಸರಿಯಾಗಿತ್ತು, ಬಾಲ್ಯದ ಸಂಗತಿಗಳೂ ನೆನಪಿದ್ದವು. ಆದರೆ ಹೊಸದಾಗಿ ನಡೆದ ಯಾವ ಘಟನೆಯೂ ಅವರ ನೆನಪಿನಲ್ಲಿ ನಿಲ್ಲದಾಯಿತು. ಈಗಷ್ಟೇ ಮಾತಾಡಿಸಿ ಹೊರಗೆ ಹೋಗಿ ಬಂದವರೂ ಅವರಿಗೆ ಹೊಸಬರೇ.

ಕೆನಡಾದ ಮನೋವಿಜ್ಞಾನಿ ಬ್ರೆಂಡಾ ಮಿಲ್ನರ್ ಇವರನ್ನು ವರ್ಷಗಟ್ಟಲೆ ಅಧ್ಯಯನ ಮಾಡಿದರು. ಒಂದು ಪ್ರಯೋಗದಲ್ಲಿ, ಕಾಗದದ ಮೇಲಿನ ನಕ್ಷತ್ರದ ಎರಡು ಗೆರೆಗಳ ನಡುವೆ ಪೆನ್ಸಿಲ್ ಎಳೆಯುವಂತೆ ಹೇಳಿದರು. ಕೈಯನ್ನು ನೇರವಾಗಿ ನೋಡುವ ಹಾಗಿಲ್ಲ, ಕನ್ನಡಿಯಲ್ಲಿ ನೋಡಿಕೊಂಡೇ ಎಳೆಯಬೇಕು. ಮೊದಲು ಯಾರಿಗಾದರೂ ಕೈ ಅಡ್ಡಾದಿಡ್ಡಿ ಓಡುತ್ತದೆ. ಮೊಲೈಸನ್ ಅವರ ಕೈ ಮೂರು ದಿನಗಳಲ್ಲಿ ಚೆನ್ನಾಗಿ ಪಳಗಿತು. ಆದರೆ ಇಂಥ ಕೆಲಸವನ್ನು ತಾನು ಹಿಂದೆ ಮಾಡಿದ್ದೇನೆಂಬ ನೆನಪೇ ಅವರಿಗಿರಲಿಲ್ಲ! ಕೈ ಕಲಿತಿತ್ತು, ಕಲಿತದ್ದು ಮನಸ್ಸಿಗೆ ಗೊತ್ತಿರಲಿಲ್ಲ.

ಮೊಲೈಸನ್ 2008ರಲ್ಲಿ ತೀರಿಕೊಂಡರು. ಅವರಿಂದ ಗೊತ್ತಾದ ಮೊದಲ ಸಂಗತಿ, ನೆನಪೆಂಬುದು ಒಂದೇ ವಸ್ತುವಲ್ಲ ಎನ್ನುವುದು. ಸೈಕಲ್ ಹೊಡೆಯುವುದು, ಹೂ ಕಟ್ಟುವುದು, ವೀಣೆಯ ಮೇಲೆ ಬೆರಳಾಡಿಸುವುದು ಕೌಶಲದ ನೆನಪು. ಹೋದ ಯುಗಾದಿಗೆ ಯಾರು ಮನೆಗೆ ಬಂದಿದ್ದರು ಎಂಬುದು ಘಟನೆಯ ನೆನಪು. ಕಾವೇರಿ ತಲಕಾವೇರಿಯಲ್ಲಿ ಹುಟ್ಟುತ್ತದೆ ಎಂಬುದು ತಿಳಿವಿನ ನೆನಪು. ಅದನ್ನು ಯಾವ ದಿನ, ಯಾರಿಂದ ಕಲಿತೆವೆಂಬುದು ಮರೆತರೂ ವಿಷಯ ಉಳಿದಿರುತ್ತದೆ. ಘಟನೆಯ ನೆನಪನ್ನೂ ತಿಳಿವಿನ ನೆನಪನ್ನೂ ಹೀಗೆ ಬೇರೆ ಮಾಡಿ ತೋರಿಸಿದವರು ಮನೋವಿಜ್ಞಾನಿ ಎಂಡೆಲ್ ಟಲ್ವಿಂಗ್, 1972ರಲ್ಲಿ.

ಎರಡನೆಯ ಸಂಗತಿ, ಹೊಸ ನೆನಪು ನೆಲೆಗೊಳ್ಳಲು ಹಿಪ್ಪೊಕ್ಯಾಂಪಸ್ ಬೇಕು. ಹಳತಾದ ನೆನಪು ಮಿದುಳಿನ ಹೊರಪದರದಲ್ಲಿ ಹರಡಿಕೊಂಡು ಹಿಪ್ಪೊಕ್ಯಾಂಪಸ್‌ನ ಹಂಗಿಲ್ಲದೆಯೂ ಬದುಕಬಲ್ಲದು. ಓದಿದ ತಕ್ಷಣ ಪಾಠ ನಮ್ಮದಾಗುವುದಿಲ್ಲ, ಅದು ಕೂರಲು ಸಮಯ ಬೇಕು ಎನ್ನುವುದಕ್ಕೆ ಕಾರಣ ಇಲ್ಲಿದೆ.

ಬಾಗಿಲು ಕಿರಿದು

ಹೊರಗಿನ ವಿಷಯ ಒಳಗೆ ಹೋಗುವ ಮೊದಲು ಒಂದು ಇಕ್ಕಟ್ಟಾದ ಜಾಗದಲ್ಲಿ ನಿಲ್ಲಬೇಕಾಗುತ್ತದೆ. 47ನ್ನು 6ರಿಂದ ಮನಸ್ಸಿನಲ್ಲೇ ಗುಣಿಸಿ. ಆರೇಳ್ಲಿ ನಲವತ್ತೆರಡು, ಎರಡು ಬರೆದು ನಾಲ್ಕು ದಶಕ ಎಂದು ಹಿಡಿದಿಟ್ಟುಕೊಂಡಿರುವಾಗ ಯಾರಾದರೂ "ಹಾಲು ತಂದ್ಯಾ?" ಎಂದರೆ ಲೆಕ್ಕ ಚೆಲ್ಲಿಹೋಗುತ್ತದೆ. ಹೀಗೆ ಕೆಲಸ ನಡೆಯುವಷ್ಟು ಹೊತ್ತು ವಿಷಯವನ್ನು ಹಿಡಿದಿಡುವುದು ಕೆಲಸದ ನೆನಪು. 1974ರಲ್ಲಿ ಬ್ರಿಟನ್ನಿನ ಅಲನ್ ಬ್ಯಾಡ್ಲಿ ಮತ್ತು ಗ್ರಹಾಂ ಹಿಚ್ ಇದರ ಮಾದರಿಯೊಂದನ್ನು ಮುಂದಿಟ್ಟರು.

ಇದರ ಅಳತೆ ಬಹಳ ಸಣ್ಣದು. 1956ರಲ್ಲಿ ಮನೋವಿಜ್ಞಾನಿ ಜಾರ್ಜ್ ಮಿಲ್ಲರ್ ಒಂದು ಸಲಕ್ಕೆ ಏಳು ಅಂಶ, ಒಂದೆರಡು ಹೆಚ್ಚುಕಡಿಮೆ ಎಂದರು. ಮುಂದೆ ನೆಲ್ಸನ್ ಕೋವನ್ 2001ರಲ್ಲಿ, ಬಾಯಲ್ಲಿ ಗುನುಗಿಕೊಳ್ಳುವಂಥ ಉಪಾಯಗಳನ್ನು ತಡೆದರೆ ನಾಲ್ಕರ ಆಸುಪಾಸು ಎಂದರು. ಕಾಲಾವಧಿಯೂ ಕಡಿಮೆ. 1959ರಲ್ಲಿ ಪೀಟರ್ಸನ್ ದಂಪತಿ ಮೂರು ಅಕ್ಷರಗಳನ್ನು ಕೊಟ್ಟು, ಗುನುಗಿಕೊಳ್ಳಲು ಬಿಡದೆ ಮೂರು ಮೂರು ಕಳೆಯುತ್ತ ಹಿಂದಕ್ಕೆ ಎಣಿಸಲು ಹೇಳಿದರು. 18 ಸೆಕೆಂಡು ಕಳೆಯುವಷ್ಟರಲ್ಲಿ ಆ ಮೂರೇ ಅಕ್ಷರಗಳು ಬಹುತೇಕ ಮರೆತುಹೋಗಿದ್ದವು.

ಹಾಗಿದ್ದರೆ ದೊಡ್ಡ ವಿಷಯಗಳನ್ನು ಕಲಿಯುವುದು ಹೇಗೆ? ಗಂಟು ಕಟ್ಟಿ. 185719471956 ಎಂಬ ಹನ್ನೆರಡು ಅಂಕಿಗಳನ್ನು ಒಂದು ಸಲ ಕೇಳಿ ಹೇಳುವುದು ಕಷ್ಟ. ಮೊದಲ ಸ್ವಾತಂತ್ರ್ಯ ಸಂಗ್ರಾಮ, ಸ್ವಾತಂತ್ರ್ಯ, ರಾಜ್ಯಗಳ ಪುನರ್ವಿಂಗಡಣೆ ಎಂದು ಕಂಡುಕೊಂಡರೆ ಹನ್ನೆರಡು ಹೋಗಿ ಮೂರಾಯಿತು. ಇತಿಹಾಸ ಗೊತ್ತಿದ್ದವರಿಗೆ ಮಾತ್ರ ಈ ಗಂಟು ಕಟ್ಟಲು ಬರುತ್ತದೆ ಎಂಬುದನ್ನು ಗಮನಿಸಿ. ತಿಳಿದವನಿಗೆ ಇನ್ನಷ್ಟು ತಿಳಿಯುವುದು ಸುಲಭ.

ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಒಬ್ಬ ವಿದ್ಯಾರ್ಥಿ ಇದನ್ನು ಎಲ್ಲಿಯವರೆಗೆ ಒಯ್ಯಬಹುದೆಂದು ತೋರಿಸಿದ. ಮೊದಲ ದಿನ ಎಲ್ಲರಂತೆ ಏಳು ಅಂಕಿ ಹೇಳಿದವನು ಸುಮಾರು 230 ಗಂಟೆಗಳ ಅಭ್ಯಾಸದ ನಂತರ 79 ಅಂಕಿಗಳನ್ನು ಹೇಳತೊಡಗಿದ. ಆತ ಓಟಗಾರ, ಅಂಕಿಗಳನ್ನು ಓಟದ ಸಮಯಗಳಾಗಿ ಓದಿಕೊಳ್ಳುತ್ತಿದ್ದ. ಅಂಕಿಯ ಬದಲು ಅಕ್ಷರ ಕೊಟ್ಟಾಗ ಮಾತ್ರ ಮತ್ತೆ ಆರಕ್ಕೆ ಇಳಿದುಬಿಟ್ಟ. 1980ರಲ್ಲಿ ಪ್ರಕಟವಾದ ಈ ಪ್ರಯೋಗ 'ನೆನಪಿನ ಶಕ್ತಿ ಹೆಚ್ಚಿಸುತ್ತೇವೆ' ಎನ್ನುವ ಜಾಹೀರಾತುಗಳಿಗೆ ಒಳ್ಳೆಯ ಉತ್ತರ. ಬೆಳೆದದ್ದು ಒಂದು ವಿಷಯದಲ್ಲಿನ ಪರಿಣತಿ. ಕೆಲಸದ ನೆನಪಿನ ಅಳತೆ ಇದ್ದಷ್ಟೇ ಇತ್ತು.

ಕಿರಿದಾದ ಈ ಬಾಗಿಲಿಗೆ ಮೊಬೈಲ್ ಕೂಡ ಅಡ್ಡ ನಿಂತರೆ ಪಾಠಕ್ಕೆ ಜಾಗ ಉಳಿಯುವುದಿಲ್ಲ. ಓದುವಾಗ ಗಮನ ಇಬ್ಭಾಗವಾದರೆ ನೆನಪು ಕೆಡುತ್ತದೆಂಬುದು ಹಲವು ಪ್ರಯೋಗಗಳಲ್ಲಿ ಕಂಡಿರುವ ಸಂಗತಿ. ಫೋನನ್ನು ಬೋರಲು ಇಡುವುದಕ್ಕಿಂತ ಬೇರೆ ಕೋಣೆಯಲ್ಲಿಡುವುದು ವಾಸಿ.

ಅರ್ಥವೇ ಹಿಡಿಕೆ

ಗಮನ ಕೊಟ್ಟರಷ್ಟೇ ಸಾಲದು, ಏನನ್ನು ಗಮನಿಸಿದೆವು ಎಂಬುದೂ ಮುಖ್ಯ. ಟೊರಾಂಟೊದ ಫರ್ಗಸ್ ಕ್ರೈಕ್ ಮತ್ತು ಟಲ್ವಿಂಗ್ 1975ರಲ್ಲಿ ಜನರಿಗೆ ಪದಗಳನ್ನು ತೋರಿಸಿ ಮೂರು ಬಗೆಯ ಪ್ರಶ್ನೆ ಕೇಳಿದರು. ಈ ಪದ ಯಾವ ಬಗೆಯ ಅಕ್ಷರದಲ್ಲಿದೆ? ಇಂಥ ಪದದ ಜೊತೆ ಪ್ರಾಸ ಕೂಡುತ್ತದೆಯೇ? ಈ ವಾಕ್ಯದಲ್ಲಿ ಇದು ಹೊಂದುತ್ತದೆಯೇ? ಆಮೇಲೆ ಹೆಚ್ಚು ನೆನಪಿದ್ದದ್ದು ಮೂರನೆಯ ಪ್ರಶ್ನೆಯಿದ್ದ, ಅಂದರೆ ಅರ್ಥ ನೋಡಬೇಕಾಗಿ ಬಂದ ಪದಗಳು.

ಹತ್ತನೆಯ ತರಗತಿಯ ವಿಜ್ಞಾನವನ್ನೇ ತೆಗೆದುಕೊಳ್ಳಿ. 'ಹೃದಯದ ಎಡ ಹೃತ್ಕುಕ್ಷಿಯ ಗೋಡೆ ದಪ್ಪ' ಎಂದು ಇಪ್ಪತ್ತು ಸಲ ಹೇಳಿಕೊಂಡವನಿಗೆ ಪರೀಕ್ಷೆಯಲ್ಲಿ ಎಡವೋ ಬಲವೋ ಎಂಬ ಅನುಮಾನ ಬರಬಹುದು. ಬಲ ಹೃತ್ಕುಕ್ಷಿ ರಕ್ತವನ್ನು ಪಕ್ಕದ ಶ್ವಾಸಕೋಶಕ್ಕೆ ಕಳಿಸಿದರೆ ಸಾಕು, ಎಡದ್ದು ಇಡೀ ದೇಹಕ್ಕೆ ನೂಕಬೇಕು, ಅದಕ್ಕೇ ಅದರ ಗೋಡೆ ದಪ್ಪ ಎಂದು ಒಮ್ಮೆ ಅರ್ಥವಾದವನಿಗೆ ಆ ಅನುಮಾನ ಬರುವುದಿಲ್ಲ. ಪ್ರತಿ ಸಾಲಿಗೂ 'ಯಾಕೆ?' ಎಂದು ಕೇಳಿಕೊಳ್ಳುವುದು ಖರ್ಚಿಲ್ಲದ ಒಳ್ಳೆಯ ಅಭ್ಯಾಸ.

ಒಳಗೆ ಏನು ಬದಲಾಗುತ್ತದೆ?

ಮನುಷ್ಯನ ಮಿದುಳಿನಲ್ಲಿ ಸುಮಾರು 8,600 ಕೋಟಿ ನರಕೋಶಗಳಿವೆ. ಒಂದು ಕೋಶ ಇನ್ನೊಂದಕ್ಕೆ ಸಂದೇಶ ದಾಟಿಸುವ ಜಾಗಕ್ಕೆ ಸಿನಾಪ್ಸ್ ಎನ್ನುತ್ತಾರೆ. ಕಲಿಕೆ ನಡೆದಾಗ ಬದಲಾಗುವುದು ಮುಖ್ಯವಾಗಿ ಈ ಜಾಗಗಳು. 1973ರಲ್ಲಿ ಟಿಮ್ ಬ್ಲಿಸ್ ಮತ್ತು ಟೆರ್ಯೆ ಲೋಮೊ ಮೊಲದ ಹಿಪ್ಪೊಕ್ಯಾಂಪಸ್‌ಗೆ ಒಂದು ನರಮಾರ್ಗದ ಮೂಲಕ ಪದೇ ಪದೇ ವಿದ್ಯುತ್ ಪ್ರಚೋದನೆ ಕೊಟ್ಟರು. ಆ ಮಾರ್ಗದ ಸಿನಾಪ್ಸ್‌ಗಳು ಬಲಗೊಂಡು ಗಂಟೆಗಟ್ಟಲೆ ಹಾಗೆಯೇ ಉಳಿದವು.

ನರವಿಜ್ಞಾನಿ ಎರಿಕ್ ಕ್ಯಾಂಡಲ್ ಇದನ್ನು ಇನ್ನೂ ಸರಳವಾದ ಪ್ರಾಣಿಯಲ್ಲಿ ನೋಡಿದರು. ಅಪ್ಲೀಸಿಯಾ ಎಂಬ ಕಡಲ ಹುಳಕ್ಕೆ ಇರುವುದು ಇಪ್ಪತ್ತು ಸಾವಿರದಷ್ಟು ನರಕೋಶ. ಅಲ್ಪಕಾಲದ ಕಲಿಕೆಯಲ್ಲಿ ಇರುವ ಸಿನಾಪ್ಸ್‌ಗಳೇ ರಾಸಾಯನಿಕವನ್ನು ಹೆಚ್ಚುಕಡಿಮೆ ಬಿಡುತ್ತವೆ. ದೀರ್ಘಕಾಲದ ಕಲಿಕೆಗೆ ಕೋಶದ ಒಳಗಿನ ಜೀನುಗಳು ಚುರುಕಾಗಬೇಕು, ಹೊಸ ಪ್ರೋಟೀನ್ ತಯಾರಾಗಬೇಕು, ಸಿನಾಪ್ಸ್‌ಗಳ ಸಂಖ್ಯೆಯೇ ಬದಲಾಗಬೇಕು. ಈ ಸಂಶೋಧನೆಗೆ ಕ್ಯಾಂಡಲ್ 2000ದ ನೊಬೆಲ್ ಪ್ರಶಸ್ತಿಯನ್ನು ಇನ್ನಿಬ್ಬರ ಜೊತೆ ಹಂಚಿಕೊಂಡರು. ಒಂದೇ ಸಲ ಒಟ್ಟಿಗೆ ಕೊಟ್ಟ ತರಬೇತಿಗಿಂತ ದಿನಗಳಿಗೆ ಹಂಚಿ ಕೊಟ್ಟ ತರಬೇತಿ ಆ ಹುಳದಲ್ಲೂ ಹೆಚ್ಚು ಕಾಲ ಉಳಿಯಿತು. ಹಿಂದಿನ ರಾತ್ರಿ ಕೂತು ಇಡೀ ಪುಸ್ತಕ ಮುಗಿಸಲು ಹೊರಟವರಿಗೆ ಇದು ಗೊತ್ತಿರಬೇಕು.

ಮರೆವಿನ ಲೆಕ್ಕ

ಮರೆವನ್ನು ಮೊದಲು ಅಳೆದವರು ಜರ್ಮನಿಯ ಹರ್ಮನ್ ಎಬಿಂಗ್‌ಹೌಸ್. ಪ್ರಯೋಗಕ್ಕೆ ಒಳಗಾದವರೂ ಅವರೊಬ್ಬರೇ. ಅರ್ಥವಿಲ್ಲದ ಸಾವಿರಾರು ಉಚ್ಚಾರಗಳನ್ನು ಪಟ್ಟಿ ಮಾಡಿ ಬಾಯಿಪಾಠ ಮಾಡುವುದು, ಬಿಡುವು ಕೊಟ್ಟು ಅದೇ ಪಟ್ಟಿಯನ್ನು ಮತ್ತೆ ಕಲಿಯುವುದು, ಎರಡನೆಯ ಸಲ ಎಷ್ಟು ಶ್ರಮ ಉಳಿಯಿತೆಂದು ಲೆಕ್ಕ ಹಾಕುವುದು ಅವರ ವಿಧಾನ. 1885ರಲ್ಲಿ ಪ್ರಕಟಿಸಿದ ಫಲಿತಾಂಶದ ಪ್ರಕಾರ 20 ನಿಮಿಷದ ನಂತರ ಶೇ 58ರಷ್ಟು ಶ್ರಮ ಉಳಿಯುತ್ತಿತ್ತು. ಒಂದು ಗಂಟೆಗೆ ಶೇ 44, ಒಂದು ದಿನಕ್ಕೆ ಶೇ 34, ಆರು ದಿನಕ್ಕೆ ಶೇ 25, 31 ದಿನಕ್ಕೆ ಶೇ 21.

ಇದರಲ್ಲಿ ಎರಡು ವಿಷಯ ಗಮನಿಸಬೇಕು. ಮರೆವು ಮೊದಲ ಗಂಟೆಗಳಲ್ಲಿ ಧಾವಿಸುತ್ತದೆ, ಆಮೇಲೆ ನಿಧಾನವಾಗುತ್ತದೆ. ಪೂರ್ತಿ ಮರೆತೆ ಅನ್ನಿಸಿದಾಗಲೂ ಸ್ವಲ್ಪ ಉಳಿದಿರುತ್ತದೆ, ಅದಕ್ಕೇ ಎರಡನೆಯ ಸಲ ಬೇಗ ಕೂರುತ್ತದೆ. ಆದರೆ 'ಒಂದು ದಿನಕ್ಕೆ ಮೂರರಲ್ಲಿ ಎರಡು ಪಾಲು ಮರೆಯುತ್ತದೆ' ಎಂದು ಈ ಅಂಕಿಗಳನ್ನು ಎಲ್ಲ ಓದಿಗೂ ಅಂಟಿಸುವುದು ತಪ್ಪು. ಇವು ಅರ್ಥವಿಲ್ಲದ ಉಚ್ಚಾರಗಳ ಲೆಕ್ಕ. ಕವಿ ಬೈರನ್ನನ ಪದ್ಯಗಳನ್ನು ಕಲಿತಾಗ ಅದೇ ಎಬಿಂಗ್‌ಹೌಸ್‌ಗೆ ಸುಮಾರು ಹತ್ತನೇ ಒಂದು ಪಾಲು ಶ್ರಮ ಸಾಕಾಯಿತು.

ಪುಸ್ತಕ ಮುಚ್ಚಿದಾಗ ನಡೆಯುವುದು

ಅಮೆರಿಕದ ಸೇಂಟ್ ಲೂಯಿಸ್‌ನಲ್ಲಿ ಹೆನ್ರಿ ರೋಡಿಗರ್ ಮತ್ತು ಜೆಫ್ರಿ ಕಾರ್ಪಿಕ್ 2006ರಲ್ಲಿ ವಿದ್ಯಾರ್ಥಿಗಳಿಗೆ ಒಂದು ಗದ್ಯಭಾಗ ಓದಿಸಿದರು. ಅರ್ಧದಷ್ಟು ಸಂದರ್ಭದಲ್ಲಿ ಅದನ್ನೇ ಎರಡನೆಯ ಸಲ ಓದಿಸಿದರು. ಉಳಿದರ್ಧದಲ್ಲಿ ಹಾಳೆ ತೆಗೆದುಕೊಂಡು, ನೆನಪಿದ್ದಷ್ಟು ಬರೆಯಿರಿ ಎಂದರು. ಐದು ನಿಮಿಷ ಬಿಟ್ಟು ಪರೀಕ್ಷಿಸಿದಾಗ ಎರಡು ಸಲ ಓದಿದವರು ಶೇ 81, ಒಮ್ಮೆ ಓದಿ ಒಮ್ಮೆ ಬರೆದವರು ಶೇ 75. ಓದಿದವರೇ ಮುಂದು. ಒಂದು ವಾರ ಬಿಟ್ಟು ನೋಡಿದರೆ ಲೆಕ್ಕ ತಿರುಗಿತ್ತು: ಎರಡು ಸಲ ಓದಿದವರು ಶೇ 42, ಬರೆದವರು ಶೇ 56.

ಓದಿದ್ದನ್ನೇ ಮತ್ತೆ ಓದುವಾಗ ಸಾಲುಗಳು ಪರಿಚಿತವಾಗಿ ಕಾಣುತ್ತವೆ, ಕಣ್ಣು ಸರಸರ ಓಡುತ್ತದೆ, 'ಇದು ನನಗೆ ಬರುತ್ತದೆ' ಅನ್ನಿಸುತ್ತದೆ. ಆದರೆ ಕಂಡಾಗ ಗುರುತು ಹಿಡಿಯುವುದು ಬೇರೆ, ಕಾಣದಿದ್ದಾಗ ನೆನೆದು ಹೇಳುವುದು ಬೇರೆ. ಬಸ್ಸಿನಲ್ಲಿ ಸಿಕ್ಕವರ ಮುಖ ಪರಿಚಿತ, ಹೆಸರು ಮಾತ್ರ ನಾಲಿಗೆ ತುದಿಯಲ್ಲೇ ಉಳಿಯುತ್ತದಲ್ಲ, ಹಾಗೆ. ಪರೀಕ್ಷೆ ಕೇಳುವುದು ಎರಡನೆಯದನ್ನು, ನಾವು ಅಭ್ಯಾಸ ಮಾಡುವುದು ಮೊದಲನೆಯದನ್ನು.

2013ರಲ್ಲಿ ಜಾನ್ ಡನ್ಲಾಸ್ಕಿ ಮತ್ತು ಸಂಗಡಿಗರು ಓದಿನ ಹತ್ತು ವಿಧಾನಗಳನ್ನು ಒರೆಗೆ ಹಚ್ಚಿದರು. ತನ್ನನ್ನು ತಾನೇ ಪ್ರಶ್ನಿಸಿಕೊಳ್ಳುವುದು, ಓದನ್ನು ದಿನಗಳಿಗೆ ಹಂಚುವುದು – ಈ ಎರಡಕ್ಕೇ ಅತಿ ಉಪಯುಕ್ತ ಎಂಬ ಮನ್ನಣೆ ಸಿಕ್ಕಿತು. ನಮ್ಮ ಮಕ್ಕಳು ಹೆಚ್ಚಾಗಿ ನೆಚ್ಚುವ ಎರಡು ವಿಧಾನಗಳು, ಮತ್ತೆ ಮತ್ತೆ ಓದುವುದು ಹಾಗೂ ಬಣ್ಣದ ಪೆನ್ನಿನಿಂದ ಗೆರೆ ಎಳೆಯುವುದು, ಕಡಿಮೆ ಉಪಯೋಗದ ಪಟ್ಟಿಗೆ ಸೇರಿದವು.

ಗಣಿತದಲ್ಲೂ ಹೀಗೇ. ಡೌಗ್ ರೋರರ್ ಮತ್ತು ಕೆಲ್ಲಿ ಟೇಲರ್ 2007ರಲ್ಲಿ ನಾಲ್ಕು ಬಗೆಯ ಘನಾಕೃತಿಗಳ ಗಾತ್ರ ಕಂಡುಹಿಡಿಯುವ ಲೆಕ್ಕ ಕೊಟ್ಟರು. ಒಂದು ಬಗೆಯನ್ನು ಮುಗಿಸಿ ಇನ್ನೊಂದಕ್ಕೆ ಹೋದವರು ಅಭ್ಯಾಸದ ವೇಳೆ ಶೇ 89 ಸರಿ ಮಾಡಿದರು. ಬೆರಕೆ ಮಾಡಿ ಬಿಡಿಸಿದವರು ಶೇ 60. ವಾರದ ನಂತರದ ಪರೀಕ್ಷೆಯಲ್ಲಿ ಮೊದಲಿನವರಿಗೆ ಬಂದದ್ದು ಶೇ 20, ಬೆರಕೆಯವರಿಗೆ ಶೇ 63. ಯಾವ ಲೆಕ್ಕಕ್ಕೆ ಯಾವ ಸೂತ್ರವೆಂದು ಆರಿಸುವುದೇ ಕಷ್ಟದ ಭಾಗ. ಅದರ ಅಭ್ಯಾಸ ಬೆರಕೆಯಲ್ಲಿ ಮಾತ್ರ ಆಗುತ್ತದೆ. ಕಲಿಯುವಾಗ ಸುಲಭ ಅನ್ನಿಸಿದ್ದು ಉಳಿಯದೆ, ತಿಣುಕಿದ್ದು ಉಳಿಯುವುದು ಈ ಎಲ್ಲ ಪ್ರಯೋಗಗಳಲ್ಲಿ ಮತ್ತೆ ಮತ್ತೆ ಕಾಣುತ್ತದೆ.

ಒಂದು ಎಚ್ಚರಿಕೆಯೂ ಬೇಕು. ನೆನಪು ಬಿಟ್ಟುಹೋದ ಜಾಗವನ್ನು ತಾನಾಗಿ ತುಂಬಿಕೊಳ್ಳುತ್ತದೆ. 1974ರಲ್ಲಿ ಎಲಿಜಬೆತ್ ಲಾಫ್ಟಸ್ ಮತ್ತು ಜಾನ್ ಪಾಮರ್ ಕಾರುಗಳ ಅಪಘಾತದ ಚಿತ್ರ ತೋರಿಸಿ, ಕೆಲವರಿಗೆ 'ಡಿಕ್ಕಿಯಾದಾಗ' ಎಂದೂ ಕೆಲವರಿಗೆ 'ಅಪ್ಪಚ್ಚಿಯಾದಾಗ' ಎಂಬ ಅರ್ಥದ ಮಾತಿನಲ್ಲೂ ವೇಗ ಎಷ್ಟಿತ್ತೆಂದು ಕೇಳಿದರು. ವಾರದ ನಂತರ 'ಗಾಜು ಒಡೆದದ್ದು ಕಂಡಿರಾ?' ಎಂದಾಗ ಮೊದಲ ಗುಂಪಿನ 50 ಜನರಲ್ಲಿ 7, ಎರಡನೆಯ ಗುಂಪಿನ 50ರಲ್ಲಿ 16 ಮಂದಿ ಹೌದೆಂದರು. ಚಿತ್ರದಲ್ಲಿ ಒಡೆದ ಗಾಜು ಇರಲೇ ಇಲ್ಲ. ಆದ್ದರಿಂದ ಪುಸ್ತಕ ಮುಚ್ಚಿ ಬರೆದ ಮೇಲೆ ತೆರೆದು ತಾಳೆ ನೋಡಲೇಬೇಕು. ಇಲ್ಲವಾದರೆ ತಪ್ಪೂ ಅಷ್ಟೇ ಗಟ್ಟಿಯಾಗಿ ಕೂರುತ್ತದೆ.

ಕಂಠಪಾಠ ಕೆಟ್ಟದ್ದೇ?

ಉರು ಹೊಡೆಯುವುದನ್ನು ಹೀಗಳೆಯುವುದು ಈಗ ರೂಢಿ. ಆದರೆ ಕಂಠಪಾಠವೆಲ್ಲ ಒಂದೇ ಅಲ್ಲ. ಮಗ್ಗಿ ಬಾಯಿಗೆ ಬಂದ ಮಗು ಏಳೆಂಟ್ಲಿ ಎಷ್ಟೆಂದು ಕೂಡಿಸುತ್ತ ಕೂರಬೇಕಾಗಿಲ್ಲ. ಅದರ ಕೆಲಸದ ನೆನಪು ಲೆಕ್ಕದ ಮುಂದಿನ ಹೆಜ್ಜೆಗೆ ಬಿಡುವಾಗಿರುತ್ತದೆ. ಮಗ್ಗಿಯ ರಾಗ, ಒಕ್ಕೊರಲು, ದಿನವೂ ಸಂಜೆ ಒಪ್ಪಿಸುವ ಪದ್ಧತಿ, ಇವೆಲ್ಲ ಪುಸ್ತಕವಿಲ್ಲದೆ ನೆನೆಯುವ ಅಭ್ಯಾಸಗಳೇ.

ವೇದಪಾಠದ ವ್ಯವಸ್ಥೆ ಇನ್ನೂ ಬಿಗಿ. ಜಟಾಪಾಠದಲ್ಲಿ ಪದಗಳನ್ನು ಒಂದು-ಎರಡು, ಎರಡು-ಒಂದು, ಒಂದು-ಎರಡು ಎಂದು ಹಿಂದುಮುಂದಾಗಿ ಹೆಣೆಯುತ್ತಾರೆ; ಘನಪಾಠದಲ್ಲಿ ಮೂರನೆಯ ಪದವೂ ಈ ಹೆಣಿಗೆಗೆ ಸೇರುತ್ತದೆ. ಎಲ್ಲೋ ಒಂದು ಪದ ಜಾರಿದರೆ ಹೆಣಿಗೆ ಕೂಡದೆ ತಪ್ಪು ತಕ್ಷಣ ಸಿಕ್ಕಿಬೀಳುತ್ತದೆ. ಅಕ್ಷರಕ್ಕೆ ಅಕ್ಷರ, ಸ್ವರಕ್ಕೆ ಸ್ವರ ಉಳಿಯಬೇಕಾದಾಗ ಈ ದಾರಿ ಬೇಕು.

ತಾಳಮದ್ದಳೆಯಲ್ಲಿ ಪಾತ್ರವಾಗಿ ಮಾತಾಡುವ ಅರ್ಥಧಾರಿಯದು ಬೇರೆಯೇ ದಾರಿ. ಭಾಗವತರು ಹಾಡುವ ಪದ್ಯ ಮೊದಲೇ ಇದೆ, ಅರ್ಥಧಾರಿಯ ಮಾತು ಅಲ್ಲೇ ಹುಟ್ಟಬೇಕು. ಎದುರಾಳಿ ಏನು ಕೇಳುತ್ತಾನೆಂದು ಮೊದಲೇ ತಿಳಿಯದು. ಬಾಯಿಪಾಠ ಮಾಡಿದ ಭಾಷಣ ಅಲ್ಲಿ ಎರಡು ನಿಮಿಷವೂ ನಡೆಯುವುದಿಲ್ಲ. ಪುರಾಣ, ಪ್ರಸಂಗ, ಪಾತ್ರದ ಸ್ವಭಾವ ಒಂದಕ್ಕೊಂದು ಕೂಡಿಕೊಂಡಿದ್ದರೆ ಮಾತ್ರ ಬೇಕಾದದ್ದು ಬೇಕಾದಾಗ ಬರುತ್ತದೆ. ವಿಜ್ಞಾನ, ಸಮಾಜದಂಥ ವಿಷಯಗಳಲ್ಲಿ ಪ್ರಶ್ನೆಯನ್ನು ಸ್ವಲ್ಪ ತಿರುಗಿಸಿ ಕೇಳಿದರೂ ಉತ್ತರಿಸಲು ವಿದ್ಯಾರ್ಥಿಗೆ ಬೇಕಾಗುವುದು ಇಂಥ ನೆನಪು.

ಅಷ್ಟಾವಧಾನದಲ್ಲಿ ಈ ಎರಡೂ ದಾರಿಗಳು ಕೂಡುತ್ತವೆ. ಎಂಟು ಪೃಚ್ಛಕರು ಎಂಟು ಬಗೆಯ ಸವಾಲು ಒಡ್ಡುತ್ತಾರೆ. ಅವಧಾನಿ ಸುತ್ತಿಗೊಂದರಂತೆ ಪದ್ಯದ ಸಾಲುಗಳನ್ನು ಕಟ್ಟುತ್ತ ಹೋಗಿ ಕೊನೆಗೆ ಎಲ್ಲವನ್ನೂ ನೆನಪಿನಿಂದ ಒಪ್ಪಿಸಬೇಕು. ನಡುವೆ ಅಪ್ರಸ್ತುತ ಪ್ರಸಂಗದವರ ಕೀಟಲೆ. ಶತಾವಧಾನಿ ಆರ್. ಗಣೇಶ್ ಇಂಥ ಸಾವಿರಕ್ಕೂ ಹೆಚ್ಚು ಅವಧಾನ ಮಾಡಿದ್ದಾರೆ. ಇಲ್ಲಿ ಛಂದಸ್ಸು ಬರಿಯ ಅಲಂಕಾರವಲ್ಲ. ಸಾಲಿನ ಎರಡನೆಯ ಅಕ್ಷರದಲ್ಲಿ ಬರುವ ಪ್ರಾಸ, ಮಾತ್ರೆ-ಗಣಗಳ ಲೆಕ್ಕ ಮುಂದಿನ ಸಾಲು ಯಾವುದಾಗಿರಬಲ್ಲದು ಎಂಬ ಸಾಧ್ಯತೆಗಳನ್ನು ಕಿರಿದು ಮಾಡಿ ನೆನಪಿಗೆ ಸುಳಿವು ಕೊಡುತ್ತವೆ.

ನಿದ್ದೆ ಮತ್ತು ಒತ್ತಡ

1924ರಲ್ಲಿ ಜಾನ್ ಜೆಂಕಿನ್ಸ್ ಮತ್ತು ಕಾರ್ಲ್ ಡ್ಯಾಲನ್‌ಬಾಕ್ ಇಬ್ಬರು ವಿದ್ಯಾರ್ಥಿಗಳಿಗೆ ಉಚ್ಚಾರಗಳ ಪಟ್ಟಿ ಕಲಿಸಿ, ಕೆಲವು ಸಲ ಮಲಗಿಸಿ, ಕೆಲವು ಸಲ ಎಚ್ಚರವಾಗಿರಿಸಿ ಪರೀಕ್ಷಿಸಿದರು. ಎಂಟು ಗಂಟೆ ಕಳೆದ ಮೇಲೆ ಮಲಗಿ ಎದ್ದಾಗಲೇ ಹೆಚ್ಚು ನೆನಪಿತ್ತು. ಕಾರಣದ ಸುಳಿವು 1994ರಲ್ಲಿ ಸಿಕ್ಕಿತು. ಮ್ಯಾಥ್ಯೂ ವಿಲ್ಸನ್ ಮತ್ತು ಬ್ರೂಸ್ ಮೆಕ್‌ನಾಟನ್ ಇಲಿಗಳ ಹಿಪ್ಪೊಕ್ಯಾಂಪಸ್‌ನಲ್ಲಿ, ಹಗಲು ಓಡಾಡುವಾಗ ಒಟ್ಟಿಗೆ ಮಿಡಿದ ಕೋಶಗಳು ನಿದ್ದೆಯಲ್ಲೂ ಮತ್ತೆ ಒಟ್ಟಿಗೆ ಮಿಡಿಯುವುದನ್ನು ದಾಖಲಿಸಿದರು. ಹಗಲಿನ ಪಾಠವನ್ನು ಮಿದುಳು ರಾತ್ರಿ ಮತ್ತೆ ತಿರುವಿಹಾಕುತ್ತದೆ. ನಿದ್ದೆಗೆಟ್ಟು ಓದುವವನು ಆ ಕೆಲಸಕ್ಕೇ ಕತ್ತರಿ ಹಾಕಿದಂತೆ.

ಒತ್ತಡದ ಬಗ್ಗೆ ನಮ್ಮ ಬೆಂಗಳೂರಿನಲ್ಲೇ ಮಹತ್ವದ ಕೆಲಸ ನಡೆದಿದೆ. ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದ ಸುಮಂತ್ರ ಚಟರ್ಜಿ ಮತ್ತು ಸಹೋದ್ಯೋಗಿಗಳು 2002ರಲ್ಲಿ, ಹತ್ತು ದಿನ ಸತತವಾಗಿ ಒತ್ತಡಕ್ಕೆ ಒಳಗಾದ ಇಲಿಗಳ ಹಿಪ್ಪೊಕ್ಯಾಂಪಸ್‌ನಲ್ಲಿ ನರಕೋಶಗಳ ಕವಲುಗಳು ಕುಗ್ಗುವುದನ್ನೂ, ಭಯಕ್ಕೆ ಸಂಬಂಧಪಟ್ಟ ಅಮಿಗ್ಡಲಾ ಎಂಬ ಭಾಗದಲ್ಲಿ ಅಂಥ ಕವಲುಗಳು ಬೆಳೆಯುವುದನ್ನೂ ತೋರಿಸಿದರು. ಇಲಿಯಲ್ಲಿ ಕಂಡದ್ದನ್ನು ನೇರವಾಗಿ ಮಕ್ಕಳಿಗೆ ಅನ್ವಯಿಸಲಾಗದು. ಆದರೂ ತಿಂಗಳುಗಟ್ಟಲೆ ಹೆದರಿಸಿ ಓದಿಸುವವರು ಒಮ್ಮೆ ಯೋಚಿಸಬೇಕಾದ ಸಂಗತಿಯಿದು.

ಮನೆಯಲ್ಲಿ ಮಾಡಬಹುದಾದದ್ದು

ಪಾಠ ಓದಿ ಮುಗಿದ ತಕ್ಷಣ ಪುಸ್ತಕ ಮುಚ್ಚಿ, ಒಂದು ಖಾಲಿ ಹಾಳೆಯಲ್ಲಿ ನೆನಪಿದ್ದಷ್ಟು ಬರೆಯಿರಿ. ಐದು ನಿಮಿಷ ಸಾಕು. ಚಿತ್ರವಿದ್ದರೆ ನೋಡದೆ ಬಿಡಿಸಿ. ಆಮೇಲೆ ತೆರೆದು ಬಿಟ್ಟುಹೋದದ್ದನ್ನು ಬೇರೆ ಬಣ್ಣದಲ್ಲಿ ತುಂಬಿ. ಮುಂದಿನ ಸಲ ಓದಬೇಕಾದದ್ದು ಆ ಬೇರೆ ಬಣ್ಣದ ಭಾಗವನ್ನೇ.

ವ್ಯಾಖ್ಯೆ, ಸೂತ್ರ, ಇಸವಿ, ಹೊಸ ಭಾಷೆಯ ಪದಗಳಿಗೆ ಚೀಟಿ ಮಾಡಿಕೊಳ್ಳಿ. ಒಂದು ಬದಿ ಪ್ರಶ್ನೆ, ಹಿಂಬದಿ ಉತ್ತರ. ಜರ್ಮನ್ ಪತ್ರಕರ್ತ ಸೆಬಾಸ್ಟಿಯನ್ ಲೈಟ್ನರ್ 1972ರಲ್ಲಿ ಜನಪ್ರಿಯಗೊಳಿಸಿದ ಪದ್ಧತಿ ಇಲ್ಲಿ ಸಹಾಯಕ್ಕೆ ಬರುತ್ತದೆ. ಶೂ ಡಬ್ಬಿಯಲ್ಲಿ ಮೂರು ಖಾನೆ ಮಾಡಿ. ಮೊದಲನೆಯದನ್ನು ದಿನವೂ, ಎರಡನೆಯದನ್ನು ಮೂರು ದಿನಕ್ಕೊಮ್ಮೆ, ಮೂರನೆಯದನ್ನು ವಾರಕ್ಕೊಮ್ಮೆ ನೋಡಬೇಕು. ಸರಿಯಾಗಿ ಹೇಳಿದ ಚೀಟಿ ಮುಂದಿನ ಖಾನೆಗೆ ಹೋಗುತ್ತದೆ, ತಪ್ಪಿದ್ದು ಮೊದಲನೆಯದಕ್ಕೆ ವಾಪಸ್. ಬಂದದ್ದಕ್ಕೆ ಕಡಿಮೆ ಸಮಯ, ಬಾರದ್ದಕ್ಕೆ ಹೆಚ್ಚು ಸಮಯ ತಾನಾಗಿಯೇ ಸಿಗುತ್ತದೆ.

ಅಂತರ ಎಷ್ಟಿರಬೇಕು? ಪರೀಕ್ಷೆ ದೂರವಿದ್ದಷ್ಟೂ ಅಂತರ ಹೆಚ್ಚಿರಲಿ. ವಾರದಲ್ಲೇ ಪರೀಕ್ಷೆ ಇದ್ದರೆ ಒಂದು ದಿನ ಬಿಟ್ಟು ನೆನೆಯುವುದು ಸರಿ. ತಿಂಗಳಾಚೆ ಇದ್ದರೆ ಹತ್ತು ದಿನದ ಅಂತರವೂ ನಡೆಯುತ್ತದೆ. ನಡುವೆ ಸ್ವಲ್ಪ ಮರೆತರೆ ಗಾಬರಿ ಬೇಡ. ಮರೆಯತೊಡಗಿದ್ದನ್ನು ಕಷ್ಟಪಟ್ಟು ನೆನೆದಾಗಲೇ ನೆನಪು ಹೆಚ್ಚು ಬಲಿಯುತ್ತದೆ.

ಗಣಿತದಲ್ಲಿ ಇಂದಿನ ಅಧ್ಯಾಯದ ಲೆಕ್ಕಗಳ ಜೊತೆ ಹಿಂದಿನ ಅಧ್ಯಾಯಗಳಿಂದ ನಾಲ್ಕು ಲೆಕ್ಕ ಸೇರಿಸಿ. ಹಳೆಯ ಪ್ರಶ್ನೆಪತ್ರಿಕೆಗಳನ್ನು ಗೈಡ್ ಪಕ್ಕದಲ್ಲಿಟ್ಟುಕೊಂಡು ಓದಬೇಡಿ. ಗಡಿಯಾರ ಇಟ್ಟುಕೊಂಡು ಬರೆಯಿರಿ. ತಮ್ಮನಿಗೋ ತಂಗಿಗೋ ಪಾಠ ಹೇಳಿಕೊಡಿ, ಅವರ ಪ್ರಶ್ನೆಗೆ ಎಲ್ಲಿ ತಡವರಿಸಿದಿರೋ ಅಲ್ಲಿ ನಿಮಗೂ ಅರ್ಥವಾಗಿಲ್ಲ. 'ನನ್ನ ಮಗ ನೋಡಿ ಕಲಿಯುವವನು, ಮಗಳು ಕೇಳಿ ಕಲಿಯುವವಳು' ಎಂದು ಹಣೆಪಟ್ಟಿ ಹಚ್ಚಬೇಡಿ. 2008ರಲ್ಲಿ ಹೆರಾಲ್ಡ್ ಪ್ಯಾಶ್ಲರ್ ಮತ್ತಿತರರು ಪರಿಶೀಲಿಸಿದಾಗ, ಹಾಗೆ ವಿಂಗಡಿಸಿ ಕಲಿಸಿದರೆ ಲಾಭವಿದೆ ಎನ್ನಲು ತಕ್ಕ ಆಧಾರ ಸಿಗಲಿಲ್ಲ. ನಕ್ಷೆಯ ಪಾಠಕ್ಕೆ ಎಲ್ಲರೂ ನೋಡಬೇಕು, ಸಂಗೀತದ ಪಾಠಕ್ಕೆ ಎಲ್ಲರೂ ಕೇಳಬೇಕು.

ದೊಡ್ಡವರ ವಿಷಯಕ್ಕೂ ಒಂದು ಮಾತು. ಕನ್ನಡಕ ಎಲ್ಲಿಟ್ಟೆನೆಂದು ಹುಡುಕುವುದು, ಹೆಸರು ತಕ್ಷಣ ಹೊಳೆಯದಿರುವುದು ವಯಸ್ಸಿನ ಜೊತೆ ಬರುವಂಥದ್ದು. ಪರಿಚಿತ ಬೀದಿಯಲ್ಲೇ ದಾರಿ ತಪ್ಪುವುದು, ಕೇಳಿದ್ದನ್ನೇ ಪದೇ ಪದೇ ಕೇಳುವುದು, ದಿನದ ಕೆಲಸವೇ ನಡೆಯದಂತಾಗುವುದು ಹಾಗಲ್ಲ, ವೈದ್ಯರಿಗೆ ತೋರಿಸಬೇಕು.

ಮಗು ಸಂಜೆ ಪುಸ್ತಕ ಮಡಚಿಟ್ಟಾಗ "ಎಷ್ಟು ಹೊತ್ತು ಓದಿದೆ?" ಎಂದು ಕೇಳುವುದನ್ನು ಬಿಟ್ಟು "ಏನೇನು ನೆನಪಿದೆ, ಹೇಳು ನೋಡೋಣ" ಎಂದು ಕೇಳಿ. ಶಿಕ್ಷಕರು ತರಗತಿಯ ಮೊದಲ ಐದು ನಿಮಿಷವನ್ನು ಹೋದ ವಾರದ ಪಾಠದ ಮೂರು ಪ್ರಶ್ನೆಗಳಿಗೆ ಮೀಸಲಿಡಲಿ. ಅದಕ್ಕೆ ಅಂಕ ಬೇಡ, ಬೈಗುಳ ಬೇಡ. ಉತ್ತರ ತಪ್ಪಾದರೆ ಅಲ್ಲೇ ತಿದ್ದಿದರಾಯಿತು. ಇದಕ್ಕೆ ಹೊಸ ಪುಸ್ತಕವೂ ಬೇಕಿಲ್ಲ, ಟಾನಿಕ್ಕೂ ಬೇಕಿಲ್ಲ.